ಎರಡನೇ ನೀಲಿ ಕಂಬ

ಅಕ್ಟೋಬರ್ 11, ಶನಿವಾರ

ಡೈರಿ ಬರೆಯುವ ಯೋಚನೆ ನನ್ನದಲ್ಲ. ಬೆಳಿಗ್ಗೆ ಹೊರಡುವಾಗ ಅಲೆಂಕಾ ವ್ಯಾನಿನ ಕಿಟಕಿಯೊಳಗೆ ಇದನ್ನು ತೂರಿಸಿ, "ದಿನಾ ಸಂಜೆ ಫೋನ್ ಮಾಡಿ ಅವರು ಹಂಗೆ ಇವರು ಹಿಂಗೆ ಅಂತ ನನ್ ತಲೆ ತಿನ್ಬೇಡ. ಏನಿದ್ರೂ ಇದ್ರಲ್ಲಿ ಗೀಚ್ಕೊ," ಅಂದಳು. ಕಟ್ಟಿಕೊಂಡ ಹೆಂಡತಿಯೇ ಹೀಗೆ. ಮರದ ಮಿಲ್ಲಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ, ಇಷ್ಟು ದಿನ ಅಡುಗೆಮನೆಯ ಡ್ರಾಯರಿನಲ್ಲಿ ಖಾಲಿ ಬಿದ್ದಿತ್ತು. ಇರಲಿ. ನನಗೂ ಬರೆದಿಡಬೇಕಾದ ವಿಷಯಗಳಿವೆ.

ಮೊದಲನೆಯದು ಕೋಚ್ ಡಾರ್ಯಾ. ಈ ವರ್ಷವಷ್ಟೇ ನಮ್ಮ ತರ್ಜಿಚ್ ಊರಿನ ಸ್ಕೀ ಕ್ಲಬ್ಬಿಗೆ ಬಂದವಳು. ಹೋದ ತಿಂಗಳು ಪೋಷಕರ ಸಭೆಯಲ್ಲಿ, "ಶಿಬಿರಕ್ಕೆ ಹೋಗೋದು ಬರೀ ಹಿಮ ಹುಡ್ಕೊಂಡಲ್ಲ. ಮನೆಯಿಂದ ದೂರ ಇರೋದೇ ಅರ್ಧ ತರಬೇತಿ," ಅಂದಿದ್ದಳು. ನಮ್ಮೂರ ಗುಡ್ಡಕ್ಕೆ ಹಿಮ ಬೀಳುವುದು ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಸ್ಕೀ ಓಟದ ಮಕ್ಕಳು ಗಡಿಯಾಚೆಯ ಹಿಮನದಿಗೆ ಹೋಗಲೇಬೇಕು, ಅದು ನನಗೂ ಗೊತ್ತು. ಆದರೆ ಮನೆಯಿಂದ ದೂರ ಇರುವುದು ತರಬೇತಿ ಹೇಗಾಗುತ್ತದೆ? ಮಕ್ಕಳನ್ನು ಹೆತ್ತವರಿಂದ ದೂರ ಇಡಬೇಕು ಅನ್ನುವವರಿಗೆ ಒಳಗೊಳಗೆ ಬೇರೆ ಏನೋ ಲೆಕ್ಕ ಇರುತ್ತದೆ. ಕ್ಲಬ್ಬಿನ ಡ್ರೈವರಿಗೆ ಸೊಂಟ ಹಿಡಿದುಕೊಂಡಿದೆ ಎಂದು ತಿಳಿದ ಕೂಡಲೇ ರಜೆ ಹಾಕಿ, ವ್ಯಾನ್ ನಾನೇ ಓಡಿಸುತ್ತೇನೆ, ಅಡುಗೆಯನ್ನೂ ಮಾಡುತ್ತೇನೆ ಅಂದೆ. ಡಾರ್ಯಾ ಬೇಡ ಅನ್ನುವ ಹಾಗಿರಲಿಲ್ಲ. ಮುಖ ಮಾತ್ರ ನಿಂಬೆಹಣ್ಣು ಕಚ್ಚಿದ ಹಾಗಿತ್ತು.

ಈ ಸಲ ಕಣ್ಣು ಬಿಟ್ಟುಕೊಂಡಿರಲೇಬೇಕು. ಶಿಬಿರದ ಕೊನೆಯ ಓಟಕ್ಕೆ ಪ್ರಾಂತ್ಯದ ತಂಡದ ಆಯ್ಕೆದಾರ ಬರುತ್ತಾನೆ. ಹುಡುಗಿಯರಲ್ಲಿ ಒಬ್ಬಳನ್ನು ಮಾತ್ರ ಆರಿಸಿ, ಚಳಿಗಾಲ ಪೂರ್ತಿ ತಂಡದ ಜೊತೆ ಕರೆದೊಯ್ಯುತ್ತಾರೆ. ನನ್ನ ಮಗಳು ಬ್ರಿನಾಗೆ ಹದಿನೈದು. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಅವಳಿಗಿಂತ ಚಿಕ್ಕವರು ಸಾಲುಗಟ್ಟಿ ನಿಂತಿರುತ್ತಾರೆ. ಆ ಜಾಗ ಅವಳದೇ. ಅಡ್ಡ ಬರಬಲ್ಲವಳು ಒಬ್ಬಳೇ, ಟಿಂಕಾರಾ.

ಬೆಟ್ಟದಾಚೆಯ ಕ್ಲಬ್ ಬಿಟ್ಟು ಈ ಬೇಸಿಗೆಯಲ್ಲಿ ನಮ್ಮಲ್ಲಿಗೆ ಸೇರಿದ ಹುಡುಗಿ. ಯಾಕೆ ಬಿಟ್ಟಳು ಅಂತ ಯಾರೂ ಬಾಯಿ ಬಿಡುವುದಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗಡಿಯ ಕರವಾಂಕೆ ಸುರಂಗದೊಳಗೂ ಹೊರಗೇ ನೋಡುತ್ತಿದ್ದಳು. ಸುರಂಗದಲ್ಲಿ ನೋಡುವುದಕ್ಕೆ ಏನಿರುತ್ತದೆ? ಕೋಣೆ ಹಂಚುವಾಗ ಡಾರ್ಯಾ ಬ್ರಿನಾಳನ್ನು ಇವಳ ಜೊತೆಗೇ ಹಾಕಿದ್ದಾಳೆ. ಅದೂ ಸುಮ್ಮನೆ ಆದದ್ದಲ್ಲ ಅಂತ ನನಗೆ ಗೊತ್ತು.

ಊಟಕ್ಕೆ ಮಾಂಸದ ಗುಲಾಶ್ ಸಾರು ಮಾಡಿದ್ದೆ. ಟಿಂಕಾರಾ ಈರುಳ್ಳಿ ಚೂರುಗಳನ್ನೆಲ್ಲ ಹುಡುಕಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಒಂದನ್ನೂ ಬಿಡಲಿಲ್ಲ. ಇಷ್ಟು ನಾಜೂಕಾಗಿ ಆರಿಸುವವಳು ಎಂಥವಳಿರಬೇಕು. ಎಲ್ಲರಿಗಿಂತ ಚಿಕ್ಕವಳು ಹಾನಾ ಮಾತ್ರ ಎರಡು ಸಲ ಹಾಕಿಸಿಕೊಂಡು, "ಮಾಮ, ನಮ್ಮಮ್ಮನಿಗಿಂತ ನೀವೇ ಚೆನ್ನಾಗ್ ಮಾಡ್ತೀರ," ಅಂದಳು. ಹನ್ನೆರಡು ವರ್ಷದ ಮಗುವಿಗೆ ಸುಳ್ಳು ಹೇಳಲು ಬರುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಡಾರ್ಯಾಳ ಹೊಸ ಕಾನೂನು. "ಸ್ಕೀ ಕೋಣೆಗೆ ದೊಡ್ಡೋರು ಯಾರೂ ಬರೋ ಹಾಗಿಲ್ಲ. ನಾನೂ ಬರಲ್ಲ. ನಿಮ್ ಸ್ಕೀ ಕೆಲಸ ನಿಮ್ ಕೈಲೇ ಆಗ್ಬೇಕು."

ಹೇಳಿದ್ದು ಮಕ್ಕಳಿಗೆ, ನೋಡಿದ್ದು ನನ್ನನ್ನು. ಬ್ರಿನಾ ಆರು ವರ್ಷದವಳಾಗಿದ್ದಾಗಿನಿಂದ ಅವಳ ಸ್ಕೀಯ ಉಕ್ಕಿನ ಅಂಚುಗಳನ್ನು ಅರ ಹಿಡಿದು ಉಜ್ಜಿದವನು ನಾನು. ಮಿಲ್ಲಿನಲ್ಲಿ ನನ್ನ ಕೆಲಸವೇ ಗರಗಸದ ಹಲ್ಲು ಹರಿತ ಮಾಡುವುದು. ನಮ್ಮ ನೆಲಮಾಳಿಗೆಯಲ್ಲಿ ಅವಳು ಪಾಠ ಓದಿಕೊಳ್ಳುತ್ತಾ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು, ನಾನು ಉಜ್ಜುತ್ತಿದ್ದೆ, ಮೇಣ ಕರಗಿಸಿ ಹಚ್ಚುತ್ತಿದ್ದೆ. ನಾನು ಉಜ್ಜಿದ ಅಂಚಿನ ಮೇಲೆ ಉಗುರು ಎಳೆದರೆ ಉಗುರಿನ ಪುಡಿ ಬರುತ್ತದೆ.

"ನಾನು ಮುಟ್ಟಲ್ಲ, ಸುಮ್ನೆ ನೋಡ್ತೀನಿ," ಅಂದೆ.

"ಸ್ರೆಚ್ಕೊ ಅವರೇ, ನೀವು ನೋಡಿದ್ರೇ ಅವಳ ಕೈ ನಿಲ್ಲತ್ತೆ," ಅಂದಳು.

ಇದೆಂಥ ಮಾತು. ಮಧ್ಯಾಹ್ನ ಅಡುಗೆಮನೆಯ ಕಸ ಎಸೆಯಲು ಹೋದಾಗ ಸ್ಕೀ ಕೋಣೆಯ ಕಿಟಕಿ ದಾರಿಯಲ್ಲೇ ಸಿಕ್ಕಿತು. ಕಸ ಎಸೆಯುವ ಜಾಗ ಇನ್ನೊಂದು ಕಡೆಗಿದೆ, ಅದು ಬೇರೆ ವಿಷಯ. ಬ್ರಿನಾ ಸ್ಕೀಯ ಮುಂದೆ ಬಗ್ಗಿ ನಿಂತಿದ್ದಳು. ಪಕ್ಕದಲ್ಲಿ ಟಿಂಕಾರಾ, ಸ್ಕೀಯ ಮೂತಿಯ ಹತ್ತಿರ ಬೆರಳಿಟ್ಟು ಏನೋ ಹೇಳಿಕೊಡುತ್ತಿದ್ದಳು. ನನ್ನ ಮಗಳು ತಲೆಯಾಡಿಸುತ್ತಿದ್ದಳು. ಎದುರಾಳಿಗೆ ಯಾರಾದರೂ ಸರಿಯಾದದ್ದನ್ನು ಹೇಳಿಕೊಟ್ಟದ್ದುಂಟೇ?

ಅಕ್ಟೋಬರ್ 13, ಸೋಮವಾರ

ಬ್ರಿನಾಳ ಎರಡನೇ ಜೊತೆ ಸ್ಕೀ ಕಾಣಿಸುತ್ತಿಲ್ಲ. ವ್ಯಾನಿನ ಮೇಲೆ ಎರಡು ಜೊತೆ ನಾನೇ ಕಟ್ಟಿದ್ದೆ, ರೋಪ್‌ವೇ ಹತ್ತುವಾಗ ಅವಳ ಕೈಯಲ್ಲಿದ್ದದ್ದು ಒಂದೇ. ಯಾರನ್ನೂ ಕೇಳದೆ ಕಣ್ಣಲ್ಲೇ ಹುಡುಕಿದೆ. ಸಂಜೆ ಸಿಕ್ಕಿತು. ಟಿಂಕಾರಾಳ ಹೆಗಲ ಮೇಲಿತ್ತು.

ಬ್ರಿನಾಳನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದೆ.

"ನಿನ್ ಸ್ಕೀ ಅವಳ ಹತ್ರ ಯಾಕಿದೆ?"

"ನಾನೇ ಕೊಟ್ಟೆ. ಅವಳದು ಕಲ್ಲಿಗೆ ತಾಗಿ ಅಂಚು ಕಿತ್ಕೊಂಡ್ ಬಂತು. ಅವಳ ಹತ್ರ ಇರೋದೇ ಒಂದು ಜೊತೆ ಅಪ್ಪ."

"ಇರೋದೇ ಒಂದು ಜಾಗ ಅನ್ನೋದು ಗೊತ್ತಾ ನಿಂಗೆ?"

"ಗೊತ್ತು."

"ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತಾರೆ."

"ಹಂಗಾದ್ರೆ ಕೋಡಂಗಿಗೆ ಒಂದ್ ಆಲೂಗಡ್ಡೆ ಕೊಡು, ಹೊಟ್ಟೆ ಹಸೀತಿದೆ," ಅಂತ ಪಾತ್ರೆಯಿಂದಲೇ ಬೆಂದ ಆಲೂಗಡ್ಡೆ ಎತ್ತಿಕೊಂಡು ಹೋದಳು. ಈ ಹುಡುಗಿ ಮನೆಯಲ್ಲಿ ನನಗೆ ಎದುರಾಡಿದವಳಲ್ಲ. ಎರಡು ದಿನಕ್ಕೇ ಬಾಯಿ ಬಂದಿದೆ. ದೂರ ಇರುವುದೇ ತರಬೇತಿ ಅಂದರೆ ಇದೇ ಇರಬೇಕು.

ಅಕ್ಟೋಬರ್ 15, ಬುಧವಾರ

ಬ್ರಿನಾ ಬಿದ್ದಳು. ಮೊದಲ ಓಟದ ಮೊದಲ ತಿರುವಿನಲ್ಲೇ. ಗದ್ದ ಕೆತ್ತಿ ರಕ್ತ ಬಂದಿದೆ, ಮೂಳೆಗೆ ಏನೂ ಆಗಿಲ್ಲ. ಸ್ಕೀ ಹಿಮವನ್ನು ಕಚ್ಚಿ ಹಿಡಿದುಬಿಟ್ಟಿತಂತೆ, ಬಿಡಲೇ ಇಲ್ಲವಂತೆ.

ಇಲ್ಲಿ ಒಂದು ವಿಷಯ ಬರೆಯಬೇಕು. ನಿನ್ನೆ ಮಧ್ಯಾಹ್ನ ಮಕ್ಕಳೆಲ್ಲ ಕೆಳಗಿನ ಮೈದಾನದಲ್ಲಿ ಫುಟ್‌ಬಾಲ್ ಆಡಲು ಹೋದಾಗ ನಾನು ಸ್ಕೀ ಕೋಣೆಗೆ ಹೋಗಿದ್ದೆ. ಬಾಗಿಲಿಗೆ ಬೀಗವೇನೂ ಇರಲಿಲ್ಲ. ಬ್ರಿನಾಳ ಸ್ಕೀ ಮುಟ್ಟಿ ನೋಡಿದೆ. ನಡುವೆ ಪರವಾಗಿಲ್ಲ, ಮೂತಿಯ ಕಡೆ ಅಂಚು ಪೂರ್ತಿ ಮೊಂಡು. ಅದೇ, ಟಿಂಕಾರಾ ಬೆರಳಿಟ್ಟು ತೋರಿಸಿದ ಜಾಗ. ನನ್ನ ಅರ ಜೇಬಿನಲ್ಲೇ ಇತ್ತು. ಮೂತಿಯಿಂದ ಬಾಲದವರೆಗೆ ಸಮವಾಗಿ ಹರಿತ ಮಾಡಿಟ್ಟು ಬಂದೆ. ಮೊಂಡು ಅಂಚಿನಲ್ಲಿ ಓಡಿ ಮಗಳು ಹಿಂದೆ ಬೀಳುವುದನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಕಲ್ಲೇ?

ಹಾಗಾದರೆ ಬಿದ್ದದ್ದು ಹೇಗೆ? ಒಂದು ಮಾತು ಖಚಿತ. ನಾನು ಉಜ್ಜಿ ಬಂದ ಮೇಲೆ ಯಾರೋ ಆ ಸ್ಕೀಗೆ ಕೈ ಹಚ್ಚಿದ್ದಾರೆ. ಯಾರು ಅಂತ ಬರೆಯುವ ಅಗತ್ಯವಿಲ್ಲ. ಊಟದ ಹೊತ್ತಿನಲ್ಲಿ ಟಿಂಕಾರಾ ನನ್ನ ಕಣ್ಣು ತಪ್ಪಿಸುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಅಕ್ಟೋಬರ್ 16, ಗುರುವಾರ

ಬೆಳಗಿನ ತಿಂಡಿಗೆ ಮುಂಚೆ ಬ್ರಿನಾ ಅಡುಗೆಮನೆಗೆ ಬಂದಳು. ಗದ್ದದ ಮೇಲೆ ಪಟ್ಟಿ. ಹಾಲು ಕಾಯಿಸುತ್ತಿದ್ದೆ.

"ಅಪ್ಪ, ನನ್ ಸ್ಕೀ ಮುಟ್ಬೇಡ," ಅಂದಳು.

"ಯಾರ್ ಮುಟ್ಟಿದ್ರು?"

"ನೀನು ಮೂತಿಯಿಂದ ಬಾಲದ ತನಕ ಒಂದೇ ಎಳೆತದಲ್ಲಿ ಎಳೀತೀಯ. ಆ ಗೆರೆ ನೋಡ್ಕೊಂಡೇ ಬೆಳೆದಿದ್ದೀನಿ, ಗೊತ್ತಾಗಲ್ವಾ? ಮೂತಿ ಕಡೆ ನಾನು ಬೇಕು ಅಂತಲೇ ಮೊಂಡು ಮಾಡಿದ್ದೆ. ಈ ಹಿಮ ನಮ್ಮೂರಿನ ಹಿಮದ ಥರ ಅಲ್ಲ. ಅಷ್ಟು ಹರಿತ ಇದ್ರೆ ಕಚ್ಕೊಂಡ್ ಬಿಡತ್ತೆ."

"ಯಾರ್ ಹೇಳ್ಕೊಟ್ಟಿದ್ದು ಅದನ್ನ?"

"ಟಿಂಕಾರಾ. ಮೊನ್ನೆ ಹಂಗೇ ಮಾಡ್ಕೊಂಡ್ ಓಡ್ದೆ, ಎಷ್ಟ್ ಚೆನ್ನಾಗಿತ್ತು ಗೊತ್ತಾ."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಡಾರ್ಯಾಗೆ ಹೇಳಿದೆಯಾ ಅಂತ ಕೇಳಿದೆ. "ಇಲ್ಲ. ನಾನೇ ಸರಿಯಾಗ್ ಉಜ್ಜಿರ್ಲಿಲ್ಲ ಅಂದೆ," ಅಂದಳು. ಬಟ್ಟೆ ತೆಗೆದುಕೊಂಡು ಒಲೆ ಒರೆಸಿದವಳೂ ಅವಳೇ. ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದ ಹುಡುಗಿ.

ಸರಿ, ಅಂಚಿನ ವಿಷಯ ಒಪ್ಪುತ್ತೇನೆ ಅಂತಲೇ ಇಟ್ಟುಕೊಳ್ಳೋಣ. ಸಣ್ಣ ವಿಷಯದಲ್ಲಿ ನಿಜ ಹೇಳಿ ನಂಬಿಸಿ, ದೊಡ್ಡ ವಿಷಯದಲ್ಲಿ ಕೈ ಕೊಡುವವರೂ ಇರುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇಡೀ ದಿನ ಮಂಜು ಮುಸುಕಿತ್ತು. ಚಾಚಿದ ಕೈ ಕಾಣದಷ್ಟು ಬಿಳುಪು. ಬೇರೆ ದೇಶದ ಕ್ಲಬ್ಬಿನವರೆಲ್ಲ ಕೆಳಗೆ ಕೂತು ಇಸ್ಪೀಟು ಆಡುತ್ತಿದ್ದರೆ ಡಾರ್ಯಾ ನಮ್ಮ ಮಕ್ಕಳನ್ನು ಮೇಲೆ ಕರೆದುಕೊಂಡು ಹೋದಳು. ಸುತ್ತಿ ತಿರುಗಲು ನೆಡುವ ಕೆಂಪು, ನೀಲಿ ಕಂಬಗಳಿಲ್ಲ, ಗಡಿಯಾರವಿಲ್ಲ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಮೆಲ್ಲಗೆ ಇಳಿಯುವುದು. ಮುಂದಿರುವವರು ನೆಲ ಹೇಗಿದೆ ಅಂತ ಕೂಗಿ ಹೇಳಬೇಕು, ಹಿಂದಿನವರು ಅದನ್ನು ಕೇಳಿಕೊಂಡು ಬರಬೇಕು. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ? ಕಣ್ಣು ಕಾಣದವರ ಹಿಂದೆ ಕಣ್ಣು ಕಾಣದವರು.

ಊಟಕ್ಕೆ ಕೂತಾಗ ಮಕ್ಕಳಿಗೆ ಅದರದೇ ಮಾತು, ಅದರದೇ ನಗು. ಹೆಚ್ಚು ಹೊತ್ತು ಮುಂದೆ ನಿಂತು ಕೂಗಿದವಳು ಟಿಂಕಾರಾ ಅಂತೆ. ಹಾನಾ ಅವಳ ಹಾಗೆ ದನಿ ಮಾಡಿ, "ಎಡಕ್ಕೆ ಗುಂಡಿ, ಮೊಣಕಾಲ್ ಮಡ್ಚಿ," ಅಂತ ಇಡೀ ಮೇಜನ್ನು ನಗಿಸಿದಳು.

"ಮುಂದಿರೋಳು ಸುಳ್ಳು ಹೇಳಿದ್ರೆ?" ಅಂತ ನಾನು ಬ್ರಿನಾಳನ್ನು ಕೇಳಿದೆ.

"ಹಿಂದಿರೋರು ಬೀಳ್ತಾರೆ."

"ಅದನ್ನೇ ನಾನು ಹೇಳೋದು."

"ನಾನೂ ಅದನ್ನೇ ಹೇಳೋದು ಅಪ್ಪ," ಅಂದಳು. ಏನು ಹೇಳಿದಳೋ ನನಗೆ ಅರ್ಥವಾಗಲಿಲ್ಲ.

ಅಕ್ಟೋಬರ್ 17, ಶುಕ್ರವಾರ

ನಾಳೆ ಓಟ. ಡಾರ್ಯಾಳ ಜೊತೆ ಬರಬೇಕಿದ್ದ ಇನ್ನೊಬ್ಬ ಕೋಚ್ ಜ್ವರ ಅಂತ ಬರುತ್ತಿಲ್ಲ. ಇಳಿಜಾರಿನ ನಡುವೆ ವಾಕಿಟಾಕಿ ಹಿಡಿದು ನಿಲ್ಲಲು ನನ್ನನ್ನು ಕೇಳಿದಳು. "ಯಾರಾದ್ರೂ ಬಿದ್ರೆ 'ನಿಲ್ಸಿ' ಅಂತ ಹೇಳ್ಬೇಕು. ಅಷ್ಟೇ ಕೆಲಸ. ಬೇರೇನೂ ಮಾತಾಡ್ಬಾರ್ದು." ನನ್ನನ್ನೇ ಯಾಕೆ? ಮಗಳಿಂದ ದೂರ, ಗುಡ್ಡದ ನಡುವೆ ನಿಲ್ಲಿಸಿದರೆ ಕಾಟ ತಪ್ಪಿತು ಅಂತ ಇರಬೇಕು. ಒಪ್ಪಿಕೊಂಡೆ. ಅಲ್ಲಿಂದ ಎಲ್ಲ ಕಾಣಿಸುತ್ತದೆ.

ಇವರಲ್ಲಿ ಒಂದು ಪದ್ಧತಿ ಇದೆ. ಮೊದಲು ಇಳಿದವರು ಕೆಳಗಿನ ವಾಕಿಟಾಕಿ ತೆಗೆದುಕೊಂಡು, ದಾರಿ ಹೇಗಿದೆ, ಎಲ್ಲಿ ಮೋಸ ಇದೆ ಅಂತ ಮೇಲೆ ಕಾಯುತ್ತಿರುವವರಿಗೆ ಹೇಳಬೇಕು. ದಿನಾ ಹೇಳುತ್ತಾರೆ, ಪರವಾಗಿಲ್ಲ. ಆದರೆ ನಾಳೆ ಇರುವುದು ಒಂದೇ ಜಾಗ. ಚೀಟಿ ಎತ್ತಿದಾಗ ಹುಡುಗಿಯರಲ್ಲಿ ಟಿಂಕಾರಾ ಮೊದಲು, ಬ್ರಿನಾ ಅವಳ ಹಿಂದೆ, ಆಮೇಲೆ ಹಾನಾ ಅಂತ ಬಂದಿದೆ. ನನ್ನ ಮಗಳಿಗೆ ದಾರಿ ಹೇಳುವವಳು ಟಿಂಕಾರಾ!

ಊಟಕ್ಕೆ ಯೋತಾ ಮಾಡಿದೆ, ಹುಳಿ ಎಲೆಕೋಸು, ಹುರುಳಿಕಾಯಿ ಬೀಜ, ಆಲೂಗಡ್ಡೆ ಎಲ್ಲ ಹಾಕಿ. ಟಿಂಕಾರಾಗೆ ಚಿಕ್ಕ ಪಾತ್ರೆಯಲ್ಲಿ ಈರುಳ್ಳಿ ಹಾಕದೆ ಬೇರೆ ಮಾಡಿಟ್ಟೆ. ಪ್ರೀತಿಯಿಂದೇನಲ್ಲ. ತಿನ್ನುವ ಪದಾರ್ಥ ತಟ್ಟೆಯ ಅಂಚಿಗೆ ಹೋಗುವುದನ್ನು ನೋಡಲು ನನ್ನಿಂದಾಗುವುದಿಲ್ಲ. ಹಾನಾಳ ಕೈಗವಸು ಇನ್ನೂ ಒದ್ದೆ, ಒಲೆಯ ಹತ್ತಿರ ಒಣಗಲು ಹಾಕಿದ್ದೇನೆ. ಆ ಮಗು ದಿನಾ ಮರೆಯುತ್ತದೆ.

ಅಕ್ಟೋಬರ್ 18, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯದೆ ಇದ್ದರೆ ಕೂರಲೂ ಆಗುತ್ತಿಲ್ಲ.

ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ನಾನು ನಿಂತದ್ದು ಇಳಿಜಾರಿನ ನಡುವೆ, ನೆಲ ಒಮ್ಮೆಲೇ ಕಡಿದಾಗುವ ದಿಬ್ಬದ ನೆತ್ತಿಯಲ್ಲಿ. ಅಲ್ಲಿಂದ ಮೇಲಿನ ದಾರಿಯೆಲ್ಲ ಕಾಣಿಸುತ್ತದೆ. ದಿಬ್ಬದ ಆಚೆಗಿನ ಕೆಲವು ಕಂಬಗಳು ಮಾತ್ರ ಕಾಣಿಸುವುದಿಲ್ಲ, ಮತ್ತೆ ಕೆಳಗೆ ಗಡಿಯಾರದ ಹತ್ತಿರ ನಿಂತ ಡಾರ್ಯಾ ಮತ್ತು ಆಯ್ಕೆದಾರ ಚುಕ್ಕೆಗಳ ಹಾಗೆ ಕಾಣಿಸುತ್ತಾರೆ. ಮೊದಲು ಹುಡುಗರು ಇಳಿದರು. ಆಮೇಲೆ ಹುಡುಗಿಯರ ಸರದಿ, ಟಿಂಕಾರಾ ಬಂದಳು. ಬ್ರಿನಾಳ ಸ್ಕೀ ಕಾಲಿಗೆ ಹಾಕಿಕೊಂಡು ನನ್ನ ಪಕ್ಕದಲ್ಲೇ ಸುಯ್ಯೆಂದು ದಾಟಿ ದಿಬ್ಬದಾಚೆ ಮರೆಯಾದಳು. ಒಂದು ಕ್ಷಣ ಏನೋ ಕೆರೆದ ಸದ್ದು. ಆಮೇಲೆ ಕೆಳಗೆ ಕಾಣಿಸಿಕೊಂಡಳು, ಬಿದ್ದಿರಲಿಲ್ಲ, ಗೆರೆ ದಾಟಿದಳು. ಚೆನ್ನಾಗಿಯೇ ಬಂದಳು ಅನ್ನಿಸಿತು.

ವಾಕಿಟಾಕಿಯಲ್ಲಿ ಅವಳ ದನಿ ಬಂತು. ಇನ್ನೂ ಏದುಸಿರು ಬಿಡುತ್ತಿದ್ದಳು. "ಬ್ರಿನಾ, ಕೇಳಿಸ್ಕೊ. ದಿಬ್ಬ ದಾಟಿದ್ಮೇಲೆ ಎರಡನೇ ನೀಲಿ ಕಂಬ. ಅಲ್ಲಿ ನೆಲ ಕಿತ್ತೋಗಿದೆ, ಕೆಳಗೆ ಬರೀ ಮಂಜುಗಡ್ಡೆ. ನೇರ ಬರ್ಬೇಡ. ಬೇಗ ತಿರುಗಿ ಎತ್ತರದಿಂದ ಸುತ್ಕೊಂಡ್ ಬಾ. ಅದಾದ್ಮೇಲೆ ಏನೂ ಇಲ್ಲ, ಬಿಟ್ಬಿಡು."

ಎತ್ತರದಿಂದ ಸುತ್ತಿಕೊಂಡು ಬಂದರೆ ಹೊತ್ತು ಹೋಗುತ್ತದೆ. ಅದು ಮಗುವಿಗೂ ಗೊತ್ತು. ಇವಳು ನೇರ ಹೋಗಿ ಬೀಳದೆ ತಲುಪಿದ್ದಾಳೆ, ನನ್ನ ಮಗಳಿಗೆ ಮಾತ್ರ ಸುತ್ತು ದಾರಿ! ವಾರವಿಡೀ ನಾನು ಕಾಯುತ್ತಿದ್ದದ್ದು ಇದನ್ನೇ ಅನ್ನಿಸಿತು. ನನ್ನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು ಅಂತ ಬರೆದರೆ ಸುಳ್ಳಾಗುತ್ತದೆ. ನಾನೇ ಒತ್ತಿದೆ.

"ಬ್ರಿನಾ, ಅಪ್ಪ ಮಾತಾಡ್ತಿರೋದು. ಅವಳ ಮಾತು ನಂಬಬೇಡ. ನಾನಿಲ್ಲೇ ನಿಂತಿದ್ದೀನಿ. ನೇರ ಬಾ."

ಆಮೇಲೆ ಡಾರ್ಯಾ, "ಸ್ರೆಚ್ಕೊ, ವಾಕಿಟಾಕಿ ಕೆಳಗಿಡಿ," ಅಂದರು. ಕೊನೆಗೆ ಬ್ರಿನಾ, "ಕೇಳಿಸ್ತು," ಅಂದಳು. ಯಾರದು ಕೇಳಿಸಿತು ಅಂತ ಹೇಳಲಿಲ್ಲ.

ಬ್ರಿನಾ ಬಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದಿಬ್ಬದ ನೆತ್ತಿಯಲ್ಲೇ ಸ್ಕೀಯನ್ನು ಎತ್ತರಕ್ಕೆ ತಿರುಗಿಸಿ, ಟಿಂಕಾರಾ ಹೇಳಿದ ಹಾಗೆಯೇ ಸುತ್ತಿಕೊಂಡು ಆಚೆ ಇಳಿದಳು. ಒಂಬತ್ತು ವರ್ಷ ಅವಳ ಸ್ಕೀ ಉಜ್ಜಿದವನ ಮಾತಿಗೆ ಬೆಲೆ ಇಲ್ಲ, ನಾಲ್ಕು ತಿಂಗಳ ಹಿಂದೆ ಬಂದ ಹುಡುಗಿಯ ಮಾತಿಗೆ ಬೆಲೆ. ಕೆಳಗಿನಿಂದ ಚಪ್ಪಾಳೆ ಕೇಳಿಸಿತು. ಯಾಕೆ ತಟ್ಟುತ್ತಿದ್ದಾರೆ ಅಂತ ಯೋಚಿಸುವಷ್ಟರಲ್ಲಿ ಹಾನಾ ಹೊರಟಾಗಿತ್ತು.

ಮೇಲೆ ಕಾಯುತ್ತಿದ್ದವರಿಗೆಲ್ಲ ಅದೇ ವಾಕಿಟಾಕಿ. ನಾನು ಹೇಳಿದ್ದು ಹಾನಾಳಿಗೂ ಕೇಳಿಸಿದೆ ಅನ್ನುವುದು ನನ್ನ ತಲೆಗೆ ಬರಲೇ ಇಲ್ಲ. ಆ ಮಗು ನನ್ನ ಮುಂದೆ ಹಾದುಹೋಗುವಾಗ ಬಾಣದ ಹಾಗೆ ನೇರ ಹೋಯಿತು. ಆಗ ನನಗೆ ಗೊತ್ತಾಯಿತು. ಕೂಗಲು ಬಾಯಿ ತೆರೆದೆ, ಅ‌ಷ್ಟರಲ್ಲಿ ಅವಳು ದಿಬ್ಬದಾಚೆ ಇದ್ದಳು.

"ನಿಲ್ಸಿ" ಅಂದೆ. ನನಗೆ ಒಪ್ಪಿಸಿದ್ದ ಮಾತು ಅದೊಂದೇ.

ಸ್ಕೀ ಹಾಕಿಕೊಂಡು ಇಳಿದೆ. ಎರಡನೇ ನೀಲಿ ಕಂಬದ ಬುಡದಲ್ಲಿ ಹುಡುಗರ ಸ್ಕೀಯಿಂದ ಸವೆದು ಟಿಂಕಾರಾಳ ಕಾಲಡಿ ಕುಸಿದ ಗುಂಡಿ, ಸ್ನಾನದ ತೊಟ್ಟಿಯಷ್ಟು ಆಳ, ಅದರ ತಳದಲ್ಲಿ ನೀಲಿ ಮಂಜುಗಡ್ಡೆ ಹೊಳೆಯುತ್ತಿತ್ತು. ಅವಳು ಅದರೊಳಗೆ ಜಾರಿ, ಹೇಗೋ ಸಾವರಿಸಿಕೊಂಡು ಹೋದ ಗುರುತು ಇತ್ತು. ಮೇಲುಗಡೆಯಿಂದ ಬ್ರಿನಾಳ ಸ್ಕೀ ಎಳೆದ ಗೆರೆ ಒಂದು ತೊಡಕೂ ಇಲ್ಲದೆ ಹಾದುಹೋಗಿತ್ತು. ಹಾನಾ ಕಂಬದಿಂದ ಆಚೆ, ದಾರಿಯಂಚಿಗೆ ಕಟ್ಟಿದ ಬಲೆಯ ಹತ್ತಿರ ಕೂತಿದ್ದಳು. ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನು ಒಣಗಿಸಿಕೊಟ್ಟ ಕೈಗವಸು.

"ಮಾಮ," ಅಂದಳು, "ನೇರ ಬಾ ಅಂದ್ರಲ್ಲ, ನೇರಾನೇ ಬಂದೆ."

ದೂರಿನ ದನಿಯಲ್ಲ. ನಾನು ಹೇಳಿದ ಹಾಗೆ ಮಾಡಿದಳೋ ಇಲ್ಲವೋ ಅಂತ ನನ್ನನ್ನೇ ಕೇಳುವ ಹಾಗಿತ್ತು. ಅವಳನ್ನು ಎತ್ತಿಕೊಂಡೆ. ಹನ್ನೆರಡು ವರ್ಷದ ಮಗು ಅಷ್ಟೊಂದು ಹಗುರ ಇರುತ್ತದೆ ಅಂತ ಮರೆತೇ ಹೋಗಿತ್ತು.

ಡಾರ್ಯಾ ಬೈಯಲಿಲ್ಲ. ನನ್ನ ಕೈಯಿಂದ ವಾಕಿಟಾಕಿ ತೆಗೆದುಕೊಂಡರು. "ಹಾನಾನ ಡಾಕ್ಟರ್ ಹತ್ರ ನೀವೇ ಕರ್ಕೊಂಡ್ ಹೋಗಿ. ಅವಳು ನಿಮ್ಮನ್ನೇ ಕೇಳ್ತಿದ್ದಾಳೆ," ಅಂದರು. ಅದು ಶಿಕ್ಷೆಯೋ ನಂಬಿಕೆಯೋ ನನಗೆ ಗೊತ್ತಾಗಲಿಲ್ಲ. ಮೂಳೆಯಲ್ಲಿ ಸಣ್ಣ ಬಿರುಕು. ಕೈಗೆ ಪ್ಲಾಸ್ಟರ್ ಪಟ್ಟಿ ಹಾಕಿದ್ದಾರೆ, ಕ್ರಿಸ್‌ಮಸ್ ಹೊತ್ತಿಗೆ ಓಡಬಹುದಂತೆ. ಅವಳ ಅಮ್ಮನಿಗೆ ನಾನೇ ಫೋನ್ ಮಾಡಿ, ನನ್ನ ಮಾತು ಕೇಳಿ ಬಿದ್ದಳು ಅಂದೆ. ಆ ಕಡೆಯಿಂದ ಬಂದ ಮಾತುಗಳನ್ನು ಬರೆಯುವುದಿಲ್ಲ. ಬರಬೇಕಾದದ್ದೇ ಬಂತು.

ಬ್ರಿನಾ ಆಯ್ಕೆಯಾಗಿದ್ದಾಳೆ. ಟಿಂಕಾರಾಗಿಂತ ಕಣ್ಣು ಮಿಟುಕಿಸುವಷ್ಟು ಮುಂದೆ. ಟಿಂಕಾರಾ ಬಾಯಿ ಮುಚ್ಚಿಕೊಂಡಿದ್ದರೆ, ಅಥವಾ ಬ್ರಿನಾ ನನ್ನ ಮಾತು ಕೇಳಿದ್ದರೆ, ಆ ಜಾಗ ಟಿಂಕಾರಾಗೆ ಹೋಗುತ್ತಿತ್ತು. ಇದನ್ನು ಹತ್ತು ಸಲ ತಿರುಗಿಸಿ ನೋಡಿದೆ. ಬೇರೆ ಯಾವ ಅರ್ಥವೂ ಹೊರಡುವುದಿಲ್ಲ. ಇಷ್ಟು ವರ್ಷ ಕಾದಿದ್ದ ಸುದ್ದಿ ಬಂದಿದೆ, ಸಂತೋಷ ಮಾತ್ರ ಬಂದಿಲ್ಲ.

ಅಕ್ಟೋಬರ್ 19, ಭಾನುವಾರ

ಮನೆಗೆ ಬಂದೆವು. ದಾರಿಯಲ್ಲಿ ಹಾನಾ ನನ್ನ ಪಕ್ಕದ ಸೀಟಿನಲ್ಲಿ ಕೂತು, ಕೈಪಟ್ಟಿಯ ಮೇಲೆ ಎಲ್ಲರ ಸಹಿ ಹಾಕಿಸಿಕೊಂಡಳು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ನನ್ನ ಕೈಗೂ ಪೆನ್ನು ಕೊಟ್ಟಳು. ಬರೆಯುವ ಧೈರ್ಯ ಆಗಲಿಲ್ಲ. "ಮಾಮ, ಜಾಗ ಬಿಟ್ಟಿದ್ದೀನಿ," ಅಂದಳು. ಸಣ್ಣಗೆ ಸ್ರೆಚ್ಕೊ ಅಂತ ಬರೆದೆ.

ಎಲ್ಲರನ್ನೂ ಇಳಿಸಿದ ಮೇಲೆ ವ್ಯಾನಿನಲ್ಲಿ ನಾನು, ಬ್ರಿನಾ ಇಬ್ಬರೇ.

"ನನ್ ಮಾತು ಯಾಕೆ ಕೇಳ್ಲಿಲ್ಲ?" ಅಂದೆ. ಜಗಳಕ್ಕಲ್ಲ, ಗೊತ್ತಾಗಬೇಕಿತ್ತು.

"ನೀನು ಅಲ್ಲಿ ನಿಂತಿದ್ದೆ ಅಪ್ಪ. ಅವಳು ಅಲ್ಲಿ ಹೋಗಿ ಬಂದಿದ್ಲು," ಅಂದಳು. ಸ್ವಲ್ಪ ದೂರ ಬಂದ ಮೇಲೆ ನನ್ನ ತೋಳಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಗೇರು ಬದಲಾಯಿಸಲು ಕಷ್ಟವಾಯಿತು, ಆದರೂ ಎಬ್ಬಿಸಲಿಲ್ಲ.

ಅಲೆಂಕಾ ಬಾಗಿಲಲ್ಲೇ, "ಡೈರಿ ಎಲ್ಲಿ? ಯಾರ್ ಯಾರ ಮೇಲೆ ಏನೇನ್ ದೂರಿದೆ ನೋಡೋಣ," ಅಂದಳು. ಕೊಡಲಿಲ್ಲ.

ನವೆಂಬರ್ 2, ಭಾನುವಾರ

ಬ್ರಿನಾ ತಂಡದ ಜೊತೆ ಉತ್ತರಕ್ಕೆ ಹೋಗಿ ಮೂರು ದಿನವಾಯಿತು. ಅಲ್ಲಿನ ಕೋಚ್ ಯಾರು, ಎಂಥವರು ಅಂತ ನನಗೆ ಗೊತ್ತಿಲ್ಲ. ವಿಚಾರಿಸಬೇಕು ಅಂದುಕೊಂಡಿದ್ದೆ, ಮಿಲ್ಲಿನಲ್ಲಿ ಕೆಲಸ ಜಾಸ್ತಿ. ನಿನ್ನೆ ಡಾರ್ಯಾ ಅವರು ಫೋನ್ ಮಾಡಿದ್ದರು. ಮುಂದಿನ ಶಿಬಿರಕ್ಕೂ ವ್ಯಾನ್ ಓಡಿಸ್ತೀರಾ ಅಂತ ಕೇಳಿದರು. ಬ್ರಿನಾ ಇರುವುದಿಲ್ಲವಲ್ಲ ಅಂದೆ. "ಹಾನಾ ಇರ್ತಾಳೆ. ಅಡುಗೆ ಮಾಡೋರು ಬೇಕು. ವಾಕಿಟಾಕಿ ಮಾತ್ರ ಕೊಡಲ್ಲ," ಅಂದರು. ಅವರಿಗೆ ತಮಾಷೆ ಬರುತ್ತದೆ ಅಂತ ನಿನ್ನೆಯೇ ಗೊತ್ತಾದದ್ದು. ಹೂಂ ಅಂದಿದ್ದೇನೆ. ಈ ಸಲ ಎಂಥ ಕಾನೂನು ಮಾಡುತ್ತಾರೋ ನೋಡಬೇಕಲ್ಲ.

ಮಧ್ಯಾಹ್ನ ಟಿಂಕಾರಾ ಮನೆಗೆ ಬಂದಳು. ಬಸ್ಸು ಹಿಡಿದು ಒಬ್ಬಳೇ. ಎರಡನೇ ಜೊತೆ ಸ್ಕೀಯನ್ನು ಅವಳೇ ಇಟ್ಟುಕೊಳ್ಳಲಿ ಅಂತ ಬ್ರಿನಾ ಹೇಳಿ ಹೋಗಿದ್ದಳು. ಅಲೆಂಕಾ ಆಯ್ದಾ ಅನ್ನುವ ನಮ್ಮ ಕಡೆಯ ಕಾಳಿನ ಹಿಟ್ಟಿನ ಮುದ್ದೆ ಬಡಿಸಿದಳು. ಮೇಲೆ ಹುರಿದ ಈರುಳ್ಳಿ ಹಾಕಲು ಹೋದಾಗ ನಾನು, "ಅವಳಿಗೆ ಬೇಡ," ಅಂದೆ. ಅಲೆಂಕಾ ನನ್ನ ಮುಖ ನೋಡಿದಳು. ಅವಳು ಯಾಕೆ ಹಾಗೆ ನೋಡಿದಳೋ.

ಸ್ಕೀ ತೆಗೆದುಕೊಡಲು ಇಬ್ಬರೂ ನೆಲಮಾಳಿಗೆಗೆ ಇಳಿದೆವು. ಕೇಳಬಾರದು ಅಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು.

"ಅವತ್ತು ನೀನ್ಯಾಕೆ ನಿಜ ಹೇಳ್ದೆ?"

ಅವಳು ಪ್ರಶ್ನೆ ಅರ್ಥವಾಗದವಳ ಹಾಗೆ ನೋಡಿದಳು. "ಹಿಂದೆ ಬರೋರು ಇದ್ರಲ್ಲ ಮಾಮ," ಅಂದಳು.

"ಜಾಗ ಹೋಯ್ತಲ್ಲ."

"ಹೋಯ್ತು. ಮನೆಗೆ ಬಂದು ಎರಡು ದಿನ ಅತ್ತೆ." ಸ್ಕೀಯ ಮೇಲೆ ಕೈಯಾಡಿಸಿದಳು. "ನಮ್ ಹಳೇ ಕ್ಲಬ್ಬಲ್ಲಿ ಕೆಳಗೆ ಹೋದೋರು ಏನೂ ಹೇಳ್ತಿರ್ಲಿಲ್ಲ. ಚೆನ್ನಾಗಿದೆ ಬಾ ಅಂತಿದ್ರು ಅಷ್ಟೇ. ಹೋದ ಚಳಿಗಾಲ ಹಂಗೇ ಬಿದ್ದೆ, ಮೂರು ತಿಂಗಳು ಊರುಗೋಲು. ಅದಕ್ಕೇ ಈ ಕ್ಲಬ್ಬಿಗೆ ಬಂದಿದ್ದು."

ಸ್ಕೀಯನ್ನು ಮೇಜಿಗೆ ಬಿಗಿದೆ. ಅರ ಕೈಗೆ ತೆಗೆದುಕೊಂಡೆ. ಬ್ರಿನಾ ಓದಿಕೊಳ್ಳುತ್ತಿದ್ದ ಮೆಟ್ಟಿಲ ಮೇಲೆ ಅವಳು ಕೂತಳು.

"ಮೂತಿ ಕಡೆ ಎಷ್ಟು ಮೊಂಡು ಬೇಕು?" ಅಂತ ಕೇಳಿದೆ.

ಅವಳು ಎದ್ದು ಬಂದು ಬೆರಳಿಟ್ಟು ತೋರಿಸಿದಳು, ಇಲ್ಲಿಂದ ಇಲ್ಲಿಯವರೆಗೆ. ಅವಳು ತೋರಿಸಿದಷ್ಟೇ ಉಜ್ಜಿದೆ.